ಉಕ್ಕಿನ ಹಾಳೆಗೆ ಎಣ್ಣೆ ಹಚ್ಚುವ ರೋಲರ್ ಯಂತ್ರ: ಹದಿನಾರು ತಿಂಗಳು, ಎರಡು ಮಳೆಗಾಲದ ಬಳಕೆಯ ನಂತರ

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಘಟಕದಲ್ಲಿ ಉಕ್ಕಿನ ಹಾಳೆಗಳನ್ನು ಅಳತೆಗೆ ಕತ್ತರಿಸಿ, ಅಂಚಿನ ಬರ್ (ಕತ್ತರಿಸಿದಾಗ ಉಳಿಯುವ ಚೂಪಾದ ಲೋಹದ ಮುಳ್ಳು) ತೆಗೆದು, ತುಕ್ಕುನಿರೋಧಕ ಎಣ್ಣೆ ಹಚ್ಚಿ, ಬಹುಪಾಲನ್ನು ಚೆನ್ನೈ ಆಚೀಚಿನ ಕಾರ್ಖಾನೆಗಳಿಗೆ ಕಳುಹಿಸುತ್ತೇವೆ. ಎಣ್ಣೆ ಹಚ್ಚುವ ಕೆಲಸಕ್ಕೆಂದು ಸ್ಥಳೀಯ ತಯಾರಕರೊಬ್ಬರಿಂದ ಕೊಂಡ ಎರಡು ರೋಲರ್‌ಗಳ ಯಂತ್ರವನ್ನು ಹದಿನಾರು ತಿಂಗಳಿಂದ ಬಳಸುತ್ತಿದ್ದೇನೆ. ಕೊಳ್ಳುವ ಮೊದಲು ನಾನು ಹುಡುಕಿದಾಗ ಸಿಕ್ಕಿದ್ದು ಮಾರಾಟಗಾರರ ಕರಪತ್ರಗಳೇ ಹೊರತು ಬಳಸಿದವರ ಮಾತಲ್ಲ. ಆದ್ದರಿಂದ ಇದೇ ಯಂತ್ರದ ಬೆಲೆ ವಿಚಾರಿಸುತ್ತಿರುವ ಸಣ್ಣ ಘಟಕಗಳವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಂತ್ರದ ಒಂದು ದೋಷವನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿರುವುದರಿಂದ ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ.

ಮೊದಲು ನಮ್ಮ ತೊಂದರೆ ಏನಿತ್ತೆಂದು ತಿಳಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ರಾತ್ರಿ ಇಲ್ಲಿಂದ ಹೊರಟ ಲಾರಿಯಲ್ಲಿನ ಉಕ್ಕು ದಾರಿಯುದ್ದಕ್ಕೂ ತಣ್ಣಗಾಗಿ, ಬೆಳಿಗ್ಗೆ ಕಡಲ ತೀರದ ತೇವದ ಬಿಸಿಗಾಳಿಗೆ ತಾರ್ಪಾಲು ತೆರೆದುಕೊಂಡ ಕೂಡಲೇ ಫ್ರಿಜ್‌ನಿಂದ ತೆಗೆದ ಲೋಟದಂತೆ ಬೆವರುತ್ತದೆ. ಆ ಹನಿ ಎರಡು ಹಾಳೆಗಳ ನಡುವಿನ ಸಂದಿಗೆ ತಾನಾಗಿಯೇ ಎಳೆದುಕೊಂಡು ಹೋಗುತ್ತದೆ. ಅಂಚು ಬೇಗ ಒಣಗುತ್ತದೆ, ಒಳಗಿನದು ಒಣಗುವುದಿಲ್ಲ. ಗ್ರಾಹಕರು ಕಟ್ಟು ಬಿಚ್ಚಿದಾಗ ಹೊರಗಿನ ನಾಲ್ಕು ಅಂಚು ಚೆನ್ನಾಗಿದ್ದು ನಟ್ಟನಡುವೆ ಕಪ್ಪು ಮಿಶ್ರಿತ ಕಂದು ಕಲೆ ಇರುವುದಕ್ಕೆ ಇದೇ ಕಾರಣ. ಅದರ ಜೊತೆಗೆ ಬೆರಳಚ್ಚಿನ ತುಕ್ಕು ಬೇರೆ ಇತ್ತು. ಬೆವರಿನಲ್ಲಿರುವ ಉಪ್ಪು ಬರಿಗೈಯಿಂದ ಹಾಳೆಗೆ ಅಂಟಿ, ಅದರ ಮೇಲೆ ಎಣ್ಣೆ ಸವರಿದರೂ ಅಡಿಯಲ್ಲಿ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮರಳಿ ಬಂದ ಒಂದು ಹಾಳೆಯ ಮೇಲೆ ಐದು ಬೆರಳುಗಳ ಗುರುತು ಎಷ್ಟು ಸ್ಪಷ್ಟವಾಗಿ ಮೂಡಿತ್ತೆಂದರೆ, ಅದು ಯಾರ ಕೈ ಎಂದು ಹೇಳಬಹುದು ಎಂದು ನಮ್ಮ ಹುಡುಗರು ತಮಾಷೆ ಮಾಡಿದ್ದರು.

ಯಂತ್ರ ಬರುವ ಮೊದಲು ಒಂದು ಬಕೆಟ್ ಎಣ್ಣೆ ಮತ್ತು ಬನಿಯನ್ ಬಟ್ಟೆಯ ವೇಸ್ಟ್, ಇಷ್ಟೇ ನಮ್ಮ ಸಲಕರಣೆ. ಹೆಲ್ಪರ್ ಬಟ್ಟೆಯನ್ನು ಅದ್ದಿ, ಹಿಂಡಿ, ಹಾಳೆಯ ಎರಡೂ ಬದಿಗೆ ಒರೆಸುತ್ತಿದ್ದ. ಕೊಟ್ಟ ಹತ್ತಿಯ ಗ್ಲೌಸು ಅರ್ಧ ಗಂಟೆಯಲ್ಲಿ ಎಣ್ಣೆ ಕುಡಿದು, ದಿನವಿಡೀ ಎಣ್ಣೆಯ ಪಟ್ಟಿಯಂತೆ ಚರ್ಮಕ್ಕೆ ಅಂಟಿಕೊಂಡಿರುತ್ತಿತ್ತು. ನನ್ನ ಅನುಭವದಲ್ಲಿ ಈ ಕೆಲಸಕ್ಕೆ ಹತ್ತಿ ಗ್ಲೌಸಿಗಿಂತ ಬರಿಗೈಯೇ ವಾಸಿ, ಏಕೆಂದರೆ ಬರಿಗೈಯನ್ನು ಕನಿಷ್ಠ ತೊಳೆಯುತ್ತಾರೆ. ಮುಂಗೈಯ ಕೂದಲಿನ ಬುಡದಲ್ಲಿ ಎಣ್ಣೆ ಮೊಡವೆ, ಬೆರಳ ಸಂದಿಯಲ್ಲಿ ಬಿರುಕು, ಸಂಜೆ ಅದನ್ನು ಸೀಮೆಎಣ್ಣೆಯಿಂದಲೋ ಥಿನ್ನರ್‌ನಿಂದಲೋ ತೊಳೆದು ಇನ್ನಷ್ಟು ಕೆಡಿಸಿಕೊಳ್ಳುವುದು, ಇವೆಲ್ಲ ಮಾಮೂಲಾಗಿದ್ದವು. "ಊಟಕ್ಕೆ ಕೂತ್ರೆ ಅನ್ನಾನೂ ಎಣ್ಣೆ ವಾಸ್ನೆ ಹೊಡಿಯತ್ತೆ ಸರ್" ಎಂದು ನಮ್ಮಲ್ಲಿ ಹನ್ನೊಂದು ವರ್ಷದಿಂದಿರುವ ಹೆಲ್ಪರ್ ಒಮ್ಮೆ ಹೇಳಿದ್ದರು. ದೂರಿನ ದನಿಯಲ್ಲೂ ಅಲ್ಲ, ಮಳೆ ಬರುವ ಹಾಗಿದೆ ಎನ್ನುವಂತೆ.

ಅದಕ್ಕಿಂತ ಭಯಾನಕವಾದದ್ದು ಬ್ಯಾರೆಲ್‌ನಿಂದ ಎಣ್ಣೆ ತೆಗೆಯುವ ಪದ್ಧತಿ. 210 ಲೀಟರಿನ ಬ್ಯಾರೆಲ್‌ಗೆ ಪ್ಲಾಸ್ಟಿಕ್ ಕೊಳವೆ ಇಳಿಬಿಟ್ಟು, ಬಾಯಿಂದ ಎಳೆದು, ಎಣ್ಣೆ ನಾಲಿಗೆಗೆ ತಗುಲಿದೊಡನೆ ಉಗುಳಿ, ಕೊಳವೆಯ ತುದಿಯನ್ನು ಬಕೆಟ್ಟಿಗೆ ತಿರುಗಿಸುವುದು. ಇದನ್ನು ಓದುತ್ತಿರುವ ಎಷ್ಟೋ ಜನರ ಶೆಡ್ಡುಗಳಲ್ಲಿ ಇಂದಿಗೂ ಇದು ನಡೆಯುತ್ತಿರುತ್ತದೆ. ತೆಳ್ಳಗಿನ, ದ್ರಾವಕ ಬೆರೆತ ಎಣ್ಣೆ ಗಂಟಲಲ್ಲಿ ತಪ್ಪಿ ಶ್ವಾಸನಾಳಕ್ಕೆ ಇಳಿದರೆ ಸ್ವಲ್ಪ ಪ್ರಮಾಣವೇ ಶ್ವಾಸಕೋಶವನ್ನು ಉರಿಯೂತಕ್ಕೆ ಗುರಿಮಾಡಬಲ್ಲದು. ನುಂಗಿದವರಿಗೆ ವಾಂತಿ ಮಾಡಿಸಬಾರದು ಎಂದು ಇಂಥ ಎಣ್ಣೆಗಳ ಸುರಕ್ಷತಾ ಪತ್ರದ ಪ್ರಥಮ ಚಿಕಿತ್ಸೆಯ ಭಾಗದಲ್ಲಿ ಬರೆದಿರುವುದೂ ಇದಕ್ಕಾಗಿಯೇ, ಏಕೆಂದರೆ ವಾಂತಿಯಾಗುವಾಗ ಅದೇ ಎಣ್ಣೆ ಇನ್ನೊಮ್ಮೆ ಶ್ವಾಸನಾಳದ ಬಾಯಿಗೆ ಬರುತ್ತದೆ. ಯಂತ್ರ ಕೊಳ್ಳಲು ಹಣವಿಲ್ಲದವರು ಕೈಯಿಂದ ತಿರುಗಿಸುವ ಬ್ಯಾರೆಲ್ ಪಂಪನ್ನಾದರೂ ಇವತ್ತೇ ತರಿಸಬೇಕು. ಅದು ಯಂತ್ರದ ಬೆಲೆಯಲ್ಲಿ ನೂರರಲ್ಲೊಂದು ಭಾಗವೂ ಆಗುವುದಿಲ್ಲ.

ಈಗ ಯಂತ್ರದ ವಿಚಾರ. 1300 ಮಿ.ಮೀ. ಅಗಲದ, ಒಂದರ ಮೇಲೊಂದಿರುವ ಎರಡು ಫೆಲ್ಟ್ (ನಾರು ಒತ್ತಿ ಮಾಡಿದ ದಪ್ಪ ಬಟ್ಟೆ) ಹೊದಿಕೆಯ ರೋಲರ್‌ಗಳು, ಮೇಲಿನದಕ್ಕೆ ಸಣ್ಣ ಪಂಪಿನಿಂದ ರಂಧ್ರಗಳಿರುವ ಕೊಳವೆಯ ಮೂಲಕ ಎಣ್ಣೆ ಬೀಳುತ್ತದೆ, ಕೆಳಗಿನದು ತಟ್ಟೆಯಲ್ಲಿ ಅರ್ಧ ಮುಳುಗಿರುತ್ತದೆ. ಹೊರಬರುವ ಬದಿಯಲ್ಲಿ ಹೆಚ್ಚುವರಿ ಎಣ್ಣೆ ಹಿಂಡುವ ಇನ್ನೊಂದು ಜೋಡಿ ರಬ್ಬರ್ ರೋಲರ್‌ಗಳಿವೆ. ಮೂರು ಫೇಸಿನ ಒಂದು ಎಚ್‌ಪಿ ಮೋಟಾರು, ನಿಮಿಷಕ್ಕೆ 10 ಮೀಟರ್ ವೇಗ. 18% ಜಿಎಸ್‌ಟಿ ಸೇರಿಸಿ ಮೂರು ಲಕ್ಷ ರೂಪಾಯಿಯ ಒಳಗೇ ಬಂತು. ಇಬ್ಬರು ನಿಂತರೆ ಒಬ್ಬರು ಹಾಳೆ ಕೊಡುತ್ತಾರೆ, ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ. ಇದರಲ್ಲಿ ಹೊಸ ತಂತ್ರಜ್ಞಾನವೇನೂ ಇಲ್ಲ. ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಅಧಿಕ ವೋಲ್ಟೇಜಿನ ವಿದ್ಯುತ್ತಿನಿಂದ ಎಣ್ಣೆಯನ್ನು ಮಂಜಿನಂತೆ ಹಾಳೆಗೆ ಎಳೆದು ಕೂರಿಸುವ ವ್ಯವಸ್ಥೆ ಇರುತ್ತದೆ. ನಮ್ಮಂಥವರಿಗೆ ಅದು ಎಟುಕುವಂಥದ್ದಲ್ಲ, ಅಗತ್ಯವೂ ಇಲ್ಲ.

ಲೇಪನದ ಗುಣಮಟ್ಟದಲ್ಲಿ ಈ ಯಂತ್ರಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ, ಮತ್ತು ಅದನ್ನು ಕಣ್ಣಳತೆಯಿಂದ ಹೇಳುತ್ತಿಲ್ಲ. 300 ಮಿ.ಮೀ. ಉದ್ದಗಲದ ಒಂದು ತುಂಡನ್ನು ದ್ರಾವಕದಿಂದ ಒರೆಸಿ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಎಣ್ಣೆ ಹಚ್ಚಿ ಮತ್ತೆ ತೂಗುವುದು ನಮ್ಮ ಪದ್ಧತಿ. ಎರಡೂ ಬದಿ ಸೇರಿ ಅದರ ವಿಸ್ತೀರ್ಣ 0.18 ಚದರ ಮೀಟರ್. ಕೈಯಿಂದ ಹಚ್ಚಿದಾಗ ಒಬ್ಬನ ತುಂಡಿನಲ್ಲಿ ಅರ್ಧ ಗ್ರಾಂ, ಇನ್ನೊಬ್ಬನದರಲ್ಲಿ ಸುಮಾರು ಮೂರು ಗ್ರಾಂ ಸಿಗುತ್ತಿತ್ತು. ಯಂತ್ರದಿಂದ ಬಂದ ತುಂಡುಗಳಲ್ಲಿ 0.38ರಿಂದ 0.45 ಗ್ರಾಂ, ಅಂದರೆ ಚದರ ಮೀಟರಿಗೆ ಎರಡರಿಂದ ಎರಡೂವರೆ ಗ್ರಾಂ. ಪದರದ ದಪ್ಪ ಮೂರು ಮೈಕ್ರಾನಿಗಿಂತ ಕಡಿಮೆ. ಎಣ್ಣೆ ಹೆಚ್ಚಾದಷ್ಟೂ ತುಕ್ಕು ದೂರ ಎಂದು ನಾನೂ ಬಹಳ ವರ್ಷ ನಂಬಿದ್ದೆ. ಹೆಚ್ಚಾದದ್ದು ಜೋಡಿಸಿಟ್ಟ ಹಾಳೆಗಳ ಭಾರಕ್ಕೆ ಹಿಂಡಿಕೊಂಡು ಲಾರಿಯ ಹಲಗೆಗೆ ಇಳಿಯುತ್ತದೆ, ಉಳಿದದ್ದು ಗ್ರಾಹಕರ ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಚ್ಚುವ) ಸಾಲಿನಲ್ಲಿ ಎಣ್ಣೆ ತೊಳೆಯುವ ಡೀಗ್ರೀಸಿಂಗ್ ತೊಟ್ಟಿಯನ್ನು ಬೇಗ ಕೆಡಿಸುತ್ತದೆ, ವೆಲ್ಡಿಂಗಿನಲ್ಲಿ ಹೊಗೆ ಮತ್ತು ಗಾಳಿಗುಳ್ಳೆ ತರುತ್ತದೆ. ಎಂಟು ಅಡಿ ನಾಲ್ಕು ಅಡಿಯ ಸುಮಾರು ಇನ್ನೂರು ಹಾಳೆ ಹೋಗುವ ದಿನಗಳ ಲೆಕ್ಕದಲ್ಲಿ ಮೂರು ವಾರಕ್ಕೆ ಮುಗಿಯುತ್ತಿದ್ದ ಬ್ಯಾರೆಲ್ ಈಗ ಎರಡೂವರೆ ತಿಂಗಳು ಬರುತ್ತದೆ. ಆದರೆ ಎಣ್ಣೆಯ ಉಳಿತಾಯಕ್ಕಾಗಿಯೇ ಇದನ್ನು ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಎಣ್ಣೆಯಿಂದ ಕೈ ಹೊರಗೆ ಬಂತಲ್ಲ, ಅದಕ್ಕಾಗಿ ಕೊಳ್ಳಬೇಕು.

ಕೈ ಎಣ್ಣೆಯಿಂದ ಹೊರಗೆ ಬಂದು ರೋಲರಿನ ಬಾಯಿಗೆ ಹತ್ತಿರವಾಯಿತು ಎಂಬುದೇ ಈ ಯಂತ್ರದ ಮೇಲೆ ನನಗಿರುವ ದೊಡ್ಡ ಆಕ್ಷೇಪ. ಎರಡು ರೋಲರ್‌ಗಳು ಒಳಮುಖವಾಗಿ ತಿರುಗುತ್ತ ಸೇರುವ ಜಾಗ ಏನನ್ನು ಕೊಟ್ಟರೂ ಎಳೆದುಕೊಳ್ಳುತ್ತದೆ. ಮಂಡ್ಯ ಕಡೆಯವರಾದ ನಮ್ಮ ಶಿಫ್ಟ್ ಸೂಪರ್‌ವೈಸರ್ ಯಂತ್ರ ಇಳಿಸಿದ ದಿನವೇ ಒಂದು ಸುತ್ತು ಹಾಕಿ, "ಇದು ಆಲೆಮನೆ ಗಾಣ ಕಣ್ರೀ, ಕಬ್ಬಿನ ಬದ್ಲು ಶೀಟು, ಅಷ್ಟೇ" ಎಂದಿದ್ದರು. ಗಾಣಕ್ಕೆ ಕಬ್ಬು ಕೊಡುವಾಗ ಬೆರಳು ಕಳೆದುಕೊಂಡವರನ್ನು ಊರಲ್ಲಿ ಕಂಡವರ ಮಾತದು. ನಿಮಿಷಕ್ಕೆ 10 ಮೀಟರ್ ಎಂದರೆ ನಿಧಾನ ಎನಿಸುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 16 ಸೆಂಟಿಮೀಟರಿಗೂ ಹೆಚ್ಚು, ಅಂದರೆ ಬೆರಳ ತುದಿ ಸಿಕ್ಕಿಕೊಂಡ ಒಂದು ಸೆಕೆಂಡಿನಲ್ಲಿ ಮಣಿಕಟ್ಟು ಬಾಯಿಯ ಬಳಿ ಇರುತ್ತದೆ. ಕಿರುಚಿ, ಎದುರಿನವರಿಗೆ ಕೇಳಿಸಿ, ಅವರು ಗುಂಡಿ ಒತ್ತುವಷ್ಟು ಸಮಯ ಅದರಲ್ಲಿಲ್ಲ.

ಯಂತ್ರದ ಜೊತೆ ಬಂದ ಗಾರ್ಡ್ ಎಂದರೆ ಹಾಳೆ ಒಳಹೋಗುವ ಬದಿಯಲ್ಲಿ ಅಡ್ಡಲಾಗಿ ಬಿಗಿದ ಒಂದು ತಗಡಿನ ಪಟ್ಟಿ. ಅದರ ಕೆಳಗೆ 40 ಮಿ.ಮೀ. ಸಂದಿ ಬಿಟ್ಟಿದ್ದರು, ದಪ್ಪ ಹಾಳೆಗೂ ಆಗಲಿ ಎಂದು. ನನ್ನ ಕೈ ಅದರೊಳಗೆ ಮಣಿಕಟ್ಟು ದಾಟಿ ಹೋಗುತ್ತಿತ್ತು. ಇಂಥ ಸಂದಿಗಳಿಗೆ ಐಎಸ್‌ಒ 13857 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸ್ಪಷ್ಟವಾದ ಕೋಷ್ಟಕವೇ ಇದೆ: ಉದ್ದನೆಯ ಸಂದಿ 6 ಮಿ.ಮೀ. ಒಳಗಿದ್ದರೆ ಅಪಾಯದ ಜಾಗ ಅಲ್ಲಿಂದ 10 ಮಿ.ಮೀ. ದೂರವಿದ್ದರೂ ಸಾಕು, 12ರಿಂದ 20 ಮಿ.ಮೀ. ಸಂದಿಗೆ 120 ಮಿ.ಮೀ. ದೂರ ಬೇಕು. ತಿರುಗುವ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮೂ ಹೇಳಿತ್ತು. ಇದನ್ನೆಲ್ಲ ತಯಾರಕರಿಗೆ ಹೇಳಿದಾಗ ಬಂದ ಉತ್ತರ, "ಎಲ್ಲರಿಗೂ ಹೀಗೇ ಕೊಟ್ಟಿದೀವಿ ಸರ್, ಯಾರೂ ಕೇಳಿಲ್ಲ."

ಎರಡನೆಯ ತಿಂಗಳಲ್ಲಿ ಹೆದರಿದ್ದು ನಡೆಯಿತು. ಫೆಲ್ಟಿಗೆ ಅಂಟಿದ ಬರಿನ ಚೂರು ಹಾಳೆಗೆ ಗೀರು ಹಾಕುತ್ತಿದೆ ಎಂದು ಒಬ್ಬ ಹುಡುಗ ಯಂತ್ರ ಓಡುತ್ತಿರುವಾಗಲೇ ಬಟ್ಟೆ ಹಿಡಿದು ರೋಲರ್ ಒರೆಸಲು ಹೋದ. ಬಟ್ಟೆ ಹೋಯಿತು, ಹಿಂದೆಯೇ ಗ್ಲೌಸು ಹೋಯಿತು. ಗ್ಲೌಸು ಅವನ ಅಳತೆಗಿಂತ ದೊಡ್ಡದಿತ್ತು, ಎಣ್ಣೆ ಬಳಿದುಕೊಂಡಿತ್ತು, ಕೈ ಜಾರಿ ಹೊರಬಂತು. ಎರಡು ರೋಲರ್‌ಗಳ ನಡುವಿನಿಂದ ಆ ಗ್ಲೌಸು ಐದು ಬೆರಳೂ ಚಪ್ಪಟೆಯಾಗಿ, ಇಸ್ತ್ರಿ ಮಾಡಿದಂತೆ ಆಚೆ ಬದಿಗೆ ಬಂದು ಬಿತ್ತು. ಯಾರಿಗೂ ಏನೂ ಆಗಲಿಲ್ಲ. ನಾನು ಮಾತ್ರ ಒಂಬತ್ತು ದಿನ ಯಂತ್ರವನ್ನು ನಿಲ್ಲಿಸಿದೆ.

ಆ ಒಂಬತ್ತು ದಿನಗಳಲ್ಲಿ ನಾವೇ ಮಾಡಿಕೊಂಡ ಬದಲಾವಣೆಗಳನ್ನು ಹೇಳುತ್ತೇನೆ, ಏಕೆಂದರೆ ಕೊಳ್ಳುವವರು ಇವನ್ನು ಆರ್ಡರಿನಲ್ಲೇ ಬರೆಸಬೇಕು. ಒಳಹೋಗುವ ಬದಿಯಲ್ಲಿ ಎರಡು ಅಡಿ ಉದ್ದದ ಸುರಂಗದಂಥ ಮೇಜು ಮಾಡಿ, ಅದರ ಬಾಯಿಯ ಪಟ್ಟಿಯನ್ನು ಹಾಳೆಯ ದಪ್ಪಕ್ಕೆ ತಕ್ಕಂತೆ ಸರಿಸಿ ಬಿಗಿಯುವಂತೆ ಮಾಡಿದೆವು, 3 ಮಿ.ಮೀ. ಹಾಳೆಗೆ ಈಗ 6 ಮಿ.ಮೀ. ಸಂದಿ, ಬೆರಳ ತುದಿಯಷ್ಟೇ ತಾಗುತ್ತದೆ. ಮೇಲಿನ ಮುಚ್ಚಳ ತೆರೆದರೆ ಮೋಟಾರು ನಿಲ್ಲುವ ಸ್ವಿಚ್ಚು ಹಾಕಿದೆವು. ತುರ್ತು ನಿಲುಗಡೆಯ ಕೆಂಪು ಗುಂಡಿ ಪ್ಯಾನೆಲ್ಲಿನ ಮೇಲೆ, ಹಾಳೆ ಕೊಡುವವನ ಬೆನ್ನಿನ ಹಿಂದೆ ಇತ್ತು, ಅದನ್ನು ಯಾರ ಸುಖಕ್ಕೆ ಅಲ್ಲಿಟ್ಟಿದ್ದರೋ ತಿಳಿಯದು. ಈಗ ಎರಡೂ ಬದಿಯಲ್ಲಿ ತೊಡೆಯ ಎತ್ತರಕ್ಕೆ ಯಂತ್ರದ ಪೂರ್ತಿ ಅಗಲಕ್ಕೂ ತಂತಿ ಇದೆ, ಮೈ ತಾಗಿದರೂ ನಿಲ್ಲುತ್ತದೆ. ಸ್ವಚ್ಛ ಮಾಡುವಾಗ ಮುಖ್ಯ ಸ್ವಿಚ್ಚಿಗೆ ಬೀಗ, ಬೀಗದ ಕೀಲಿ ಸ್ವಚ್ಛ ಮಾಡುವವನ ಜೇಬಿನಲ್ಲಿ. ಇವೆಲ್ಲಕ್ಕೂ ಸೇರಿ ಯಂತ್ರದ ಬೆಲೆಯ ಹತ್ತನೆಯ ಒಂದು ಭಾಗವೂ ಆಗಲಿಲ್ಲ.

ಗ್ಲೌಸಿನ ಪ್ರಶ್ನೆ ಇದರಿಂದ ಸ್ವಲ್ಪ ಜಟಿಲವಾಯಿತು. ಕತ್ತರಿಸಿದ ಹಾಳೆಯ ಅಂಚು ಬ್ಲೇಡಿನಂತಿರುವುದರಿಂದ ಗ್ಲೌಸು ಬೇಕೇ ಬೇಕು. ತಿರುಗುವ ರೋಲರಿನ ಹತ್ತಿರ ಗ್ಲೌಸೇ ಅಪಾಯ. ಸುರಂಗದ ಮೇಜು ಬಂದ ಮೇಲಷ್ಟೇ ಈ ಇಕ್ಕಟ್ಟು ಬಿಡಿಸಿತು, ಏಕೆಂದರೆ ಕೈ ರೋಲರಿನ ಹತ್ತಿರ ಹೋಗುವ ಪ್ರಸಂಗವೇ ಇಲ್ಲ. ಈಗ ಅಂಗೈಗೆ ನೈಟ್ರೈಲ್ ರಬ್ಬರ್ ಲೇಪಿಸಿದ, ಕೊಯ್ತ ತಡೆಯುವ ನೂಲಿನ ಗ್ಲೌಸನ್ನು ಬಳಸುತ್ತೇವೆ. ಇದರಿಂದ ಬೆರಳಚ್ಚಿನ ತುಕ್ಕೂ ನಿಂತಿದೆ.

ಎಣ್ಣೆಯ ಆಯ್ಕೆಯಲ್ಲಿ ಯಂತ್ರ ಮಾರುವವರ ಮಾತನ್ನು ನಂಬಬೇಡಿ. ಅವರು ಸೂಚಿಸಿದ್ದು ನೀರನ್ನು ಒತ್ತರಿಸಿ ಕೂರುವ, ದ್ರಾವಕ ಬೆರೆತ ತೆಳು ಎಣ್ಣೆ. ಒದ್ದೆ ಹಾಳೆಗೆ ಅದು ಅತ್ಯುತ್ತಮ. ಹನಿಯ ಅಡಿಗೆ ನುಗ್ಗಿ ನೀರನ್ನು ಎಬ್ಬಿಸಿ ತಾನು ಕೂರುತ್ತದೆ, ನಂತರ ದ್ರಾವಕ ಆರಿ ತೆಳ್ಳನೆಯ ಪದರ ಉಳಿಯುತ್ತದೆ. ಆದರೆ ಆರುವ ಆ ದ್ರಾವಕ ಎಲ್ಲಿಗೆ ಹೋಗುತ್ತದೆ? ಯಂತ್ರದ ತಟ್ಟೆ ದಿನವಿಡೀ ತೆರೆದಿರುತ್ತದೆ, ರೋಲರ್ ಅದನ್ನು ಹರಡುತ್ತಲೇ ಇರುತ್ತದೆ. ಅಂಥ ಹಲವು ಎಣ್ಣೆಗಳ ಆವಿ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಛಾವಣಿಯ ಅಡಿಯಲ್ಲಿ, ಹದಿನೈದು ಅಡಿ ಆಚೆ ಆ್ಯಂಗಲ್ ಗ್ರೈಂಡರ್ ಕಿಡಿ ಹಾರಿಸುತ್ತಿರುವಾಗ ಈ ಸಂಖ್ಯೆಯನ್ನು ನೆನೆಸಿಕೊಂಡರೆ ಸಾಕು. ನಾವು ಬರ್ ತೆಗೆದ ನಂತರ ಹಾಳೆಯನ್ನು ಬಿಸಿಗಾಳಿಯಲ್ಲಿ ಒಣಗಿಸಿ, ದ್ರಾವಕವಿಲ್ಲದ, 150 ಡಿಗ್ರಿಗೂ ಮೇಲೆ ಹೊತ್ತುವ ಹಗುರ ಎಣ್ಣೆಗೆ ಬದಲಾದೆವು. ಗ್ರೈಂಡಿಂಗ್ ಮತ್ತು ಗ್ಯಾಸ್ ಕಟಿಂಗನ್ನು ಗೋಡೆಯ ಆಚೆಗೆ ಸರಿಸಿದೆವು. ಪಿಚಕಾರಿ ಗನ್ನಿನಿಂದ ಎಣ್ಣೆ ಹೊಡೆಯುವ ವಿಚಾರವನ್ನೂ ಒಮ್ಮೆ ಮಾಡಿದ್ದೆ, ಕೈಬಿಟ್ಟೆ. ಸಣ್ಣ ಹನಿಯಾದ ಎಣ್ಣೆ ಹಾಳೆಯ ಮೇಲೆ ಬಿದ್ದಷ್ಟೇ ಮೂಗಿಗೂ ಹೋಗುತ್ತದೆ, ಮತ್ತು ಸಲೀಸಾಗಿ ಹೊತ್ತದ ಎಣ್ಣೆಯೂ ಮಂಜಾದಾಗ ಸುಲಭವಾಗಿ ಹೊತ್ತುತ್ತದೆ.

ಎಣ್ಣೆ ಮಾರುವವರು ಉಪ್ಪುನೀರಿನ ಸಿಂಪರಣೆ ಪರೀಕ್ಷೆಯಲ್ಲಿ ಇಷ್ಟು ತಾಸು ತಡೆಯಿತು ಎಂದು ಕಾಗದ ತೋರಿಸುತ್ತಾರೆ. ಆ ಪರೀಕ್ಷೆ 35 ಡಿಗ್ರಿಯಲ್ಲಿ 5% ಉಪ್ಪಿನ ನೀರು ಸಿಂಪಡಿಸಿ ಮಾಡುವಂಥದ್ದು. ಲಾರಿಯಲ್ಲಿ ತಾರ್ಪಾಲಿನ ಅಡಿಯಲ್ಲಿ ಬೆವರುವ ಹಾಳೆಗೆ ಅದರ ಸಂಬಂಧ ದೂರದ್ದು. ತೇವ ತುಂಬಿದ ಪೆಟ್ಟಿಗೆಯಲ್ಲಿ ಸುಮಾರು 49 ಡಿಗ್ರಿಯಲ್ಲಿಟ್ಟು ಮಾಡುವ ಪರೀಕ್ಷೆಯ ವರದಿ ಕೇಳಿ, ಅದು ನಮ್ಮ ಸ್ಥಿತಿಗೆ ಹತ್ತಿರ.

ಯಂತ್ರದ ಕರಪತ್ರದಲ್ಲಿ ಎಲ್ಲೂ ಇಲ್ಲದ ಒಂದು ಮಾತಿದೆ. ಎಣ್ಣೆ ಹಚ್ಚಿದ ಹಾಳೆ ಜಾರುತ್ತದೆ. ಎಂಟು ಅಡಿ ನಾಲ್ಕು ಅಡಿಯ 3 ಮಿ.ಮೀ. ಹಾಳೆ 70 ಕಿಲೋ ತೂಗುತ್ತದೆ. ಅಂಥ ಐವತ್ತು ಹಾಳೆಗಳ ಅಟ್ಟಿಯನ್ನು ಫೋರ್ಕ್‌ಲಿಫ್ಟಿನಲ್ಲಿ ಸ್ವಲ್ಪ ಓರೆಯಾಗಿ ಎತ್ತಿದರೂ ಮೇಲಿನವು ಇಸ್ಪೀಟ್ ಎಲೆಗಳಂತೆ ಹರಿದು ಬರುತ್ತವೆ. ಎಣ್ಣೆಗೆ ಅಂಟಿಕೊಂಡ ಎರಡು ಹಾಳೆ ಒಟ್ಟಿಗೆ ಎದ್ದು ನಡುದಾರಿಯಲ್ಲಿ ಒಂದು ಕಳಚಿ ಬೀಳುವುದೂ ಇದೆ, ಅದರಲ್ಲೂ ಅಯಸ್ಕಾಂತದ ಲಿಫ್ಟರ್ ಬಳಸುವವರು ಎಚ್ಚರದಿಂದಿರಬೇಕು. ಹಲ್ಲಿನ ಕ್ಲ್ಯಾಂಪಿನಲ್ಲಿ ನಿಲ್ಲಿಸಿ ಎತ್ತುವಾಗ ಒಂದು ಸಲಕ್ಕೆ ಒಂದೇ ಹಾಳೆ, ಕ್ಲ್ಯಾಂಪ್ ಹಿಡಿಯುವ ಜಾಗವನ್ನು ಒರೆಸಿದ ನಂತರ. ಕಟ್ಟಿಗೆ ಉಕ್ಕಿನ ಪಟ್ಟಿ ಬಿಗಿದ ಮೇಲೆಯೇ ಅಟ್ಟಿ ಜಾಗ ಬಿಟ್ಟು ಕದಲಬೇಕು ಎಂಬುದು ಈಗ ನಮ್ಮಲ್ಲಿ ನಿಯಮ. ಅಡಿಗೆ ಇಡುವ ಮರದ ತುಂಡು ಹಸಿಯಾಗಿರಬಾರದು. ಹಸಿ ಮರದಿಂದ ಹೊರಡುವ ತೇವ ಮತ್ತು ಆಮ್ಲ ಎಷ್ಟು ಒಳ್ಳೆಯ ಎಣ್ಣೆಯನ್ನೂ ದಾಟಿ ತನ್ನ ಆಕಾರದ ತುಕ್ಕನ್ನು ಅಚ್ಚೊತ್ತುತ್ತದೆ.

ನೆಲದ ಮೇಲೆ ಎಣ್ಣೆ ಸೋರುವುದರ ಬಗ್ಗೆ ಯಂತ್ರಕ್ಕೆ ಅರ್ಧ ಅಂಕ. ಹೊರಬರುವ ಬದಿಯಲ್ಲಿ ಹಾಳೆಯ ಹಿಂದಿನ ಅಂಚಿನಿಂದ ಹನಿಯುವ ಎಣ್ಣೆಗೆ ತಟ್ಟೆ ಕೊಟ್ಟಿಲ್ಲ, ನಾವು ಮಾಡಿಸಿದೆವು. ಮೊದಲು ಮರದ ಹೊಟ್ಟು ಚೆಲ್ಲುತ್ತಿದ್ದೆವು. ಅದು ಎಣ್ಣೆ ಹೀರಿ ಬೆಂಕಿಗೆ ಮೇವಾಗುತ್ತದೆ ಮತ್ತು ಗಾಳಿಗೆ ಹಾರಿ ಹಾಳೆಗಳ ಮೇಲೆ ಕೂತು ತೇವ ಹಿಡಿಯುತ್ತದೆ ಎಂದು ತಿಳಿದ ಮೇಲೆ ನಿಲ್ಲಿಸಿದ್ದೇವೆ. ಎಣ್ಣೆ ಬಟ್ಟೆ, ಹಳೆಯ ಫೆಲ್ಟು ಮತ್ತು ತಟ್ಟೆಯ ತಳದ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತವೆ. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಟ್ಟು, 90 ದಿನಗಳ ಒಳಗೆ ಅನುಮತಿ ಪಡೆದ ಸಂಸ್ಥೆಗೆ ಕೊಟ್ಟು ಚೀಟಿ ಪಡೆಯಬೇಕು. ಚಳಿಗಾಲದಲ್ಲಿ ಗೇಟಿನ ಬಳಿ ಕಾವಲುಗಾರರ ಬೆಂಕಿಗೆ ಹಾಕುವಂತಿಲ್ಲ. ಬಟ್ಟೆಯ ಪ್ರಮಾಣ ಯಂತ್ರ ಬಂದ ಮೇಲೆ ಬಹಳ ಇಳಿದಿದೆ ಎಂಬುದನ್ನು ಯಂತ್ರದ ಪರವಾಗಿ ಹೇಳಲೇಬೇಕು.

ಮಾರಾಟಾನಂತರದ ಸೇವೆ ಪರವಾಗಿಲ್ಲ. ಫೆಲ್ಟನ್ನು ಎರಡು ಬಾರಿ ಬದಲಿಸಿದ್ದೇವೆ, ಎರಡೂ ಸಲ ಮೂರು ದಿನಗಳ ಒಳಗೆ ಬಂತು. ಪಂಪಿನ ಜರಡಿ ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ, ಬಿಚ್ಚಿ ತೊಳೆಯಲು ಹತ್ತು ನಿಮಿಷ ಸಾಕು. ಕೈಪಿಡಿ ನಾಲ್ಕು ಪುಟ, ಅದೂ ಇಂಗ್ಲಿಷಿನಲ್ಲಿ ಮಾತ್ರ. ಯಂತ್ರದ ಮುಂದೆ ನಿಲ್ಲುವವರಲ್ಲಿ ಅದನ್ನು ಓದಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಕನ್ನಡ ಮತ್ತು ಹಿಂದಿಯಲ್ಲಿ ಒಂದು ಹಲಗೆ ಬರೆಸಿ ಯಂತ್ರದ ಮೇಲೆ ತೂಗುಹಾಕಿದ್ದೇನೆ.

ದಿನಕ್ಕೆ ಐವತ್ತಕ್ಕಿಂತ ಕಡಿಮೆ ಹಾಳೆ ಹೋಗುವ ಘಟಕದವರಿಗೆ ಇದು ಬೇಡ. ಉದ್ದ ಹಿಡಿಯ ಪೇಂಟ್ ರೋಲರ್, ಬ್ಯಾರೆಲ್ ಪಂಪು ಮತ್ತು ಒಳ್ಳೆಯ ಗ್ಲೌಸು ಸಾಕು. ಅದಕ್ಕಿಂತ ಹೆಚ್ಚಿನ ಕೆಲಸವಿರುವವರು ಕೊಳ್ಳಬಹುದು, ಆದರೆ ಮುಂಗಡ ಕೊಡುವ ಮೊದಲು ತಯಾರಕರ ಶೆಡ್ಡಿಗೆ ಹೋಗಿ, ಯಂತ್ರ ನಿಂತಿರುವಾಗ ಒಳಹೋಗುವ ಬಾಯಿಗೆ ಕೈ ಚಾಚಿ ನೋಡಿ. ಬೆರಳು ಫೆಲ್ಟಿಗೆ ತಾಗಿದರೆ ಗಾರ್ಡ್ ಬದಲಿಸಿ ಕೊಡಲು ಹೇಳಿ, ಬದಲಿಸಿದ ಮೇಲೆ ಇನ್ನೊಮ್ಮೆ ಹೋಗಿ ಕೈ ಚಾಚಿ ನೋಡಿಯೇ ಹಣ ಕೊಡಿ. ನಮ್ಮ ಯಂತ್ರದ ಪಕ್ಕದ ಕಂಬಕ್ಕೆ ಆ ಚಪ್ಪಟೆ ಗ್ಲೌಸನ್ನು ಮೊಳೆ ಹೊಡೆದು ಇಟ್ಟಿದ್ದೇವೆ. ಹೊಸದಾಗಿ ಬಂದ ಹುಡುಗರಿಗೆ ಸೂಪರ್‌ವೈಸರ್ ಮೊದಲು ತೋರಿಸುವುದು ಅದನ್ನೇ.